ಕಲ್ಟ್‌ಗೆ ಸಿಕ್ಕವರ ಜೊತೆ ಮಾತಿಗೆ ಕೂತಾಗ

ಮಗಳೋ ತಮ್ಮನೋ ಯಾವುದೋ ಕಲ್ಟ್‌ಗೆ, ಅಂದರೆ ನಾಯಕನ ಬಿಗಿಹಿಡಿತದಲ್ಲಿರುವ ಧಾರ್ಮಿಕ ಗುಂಪಿಗೆ, ಸೇರಿಬಿಟ್ಟರು ಅಂತ ನಮ್ಮ ನೆರವು ಕೇಳಿ ಬರುವ ಮನೆಯವರ ಮೊದಲ ಪ್ರಶ್ನೆ, 'ಅವರ ಬೋಧನೆ ಸರಿಯೋ ತಪ್ಪೋ?' ನಾವು ಮೊದಲು ಕೇಳುವುದು ಬೇರೆ. ಅಲ್ಲಿ ನಾಯಕನಿಗೆ 'ಇಲ್ಲ' ಅನ್ನಬಹುದಾ? ಬಿಟ್ಟುಹೋದವರ ಬಗ್ಗೆ ಏನು ಹೇಳುತ್ತಾರೆ? ಹಣದ ಲೆಕ್ಕ ಯಾರಿಗೆ ತೋರಿಸುತ್ತಾರೆ? ಮದುವೆ, ಕೆಲಸ, ಔಷಧಿ ಇವನ್ನೆಲ್ಲ ತೀರ್ಮಾನಿಸುವವರು ಯಾರು? ತ್ರಯೈಕತ್ವವನ್ನು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಬೋಧನೆಯನ್ನು) ಸರಿಯಾಗಿ ಸಾರುವ ಕ್ರೈಸ್ತ ಸಭೆಯೂ ಇಲ್ಲಿ ಎಡವಬಹುದು. ಬೋಧನೆ ತಪ್ಪಿದ್ದೂ ಯಾರನ್ನೂ ಕಟ್ಟಿಹಾಕದ ಗುಂಪುಗಳೂ ಇವೆ.

ಮಾತಿಗೆ ಕೂತಾಗ 'ಕಲ್ಟ್' ಎಂಬ ಪದ ಬಾಯಿಗೆ ಬರಬಾರದು. ಹೊರಗಿನವರು ಹಾಗೇ ಬೈಯುತ್ತಾರೆ ಅಂತ ಅವರಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ನೀವು ಬೈದರೆ ನಾಯಕನ ಮಾತು ನಿಜವಾದಂತೆ. ನಾಲ್ಕೈದು ಜನ ಸುತ್ತುಗಟ್ಟಿ ಕೂರುವುದೂ ಬೇಡ. ಅವರಿಗೆ ಬೇಕಾದವರು ಒಬ್ಬರು, ಒಂದು ಗಂಟೆ, ಬೈಬಲಿನ ಒಂದೇ ವಚನ ಸಾಕು.

ಹೆಚ್ಚಾಗಿ ನಾವು ತೆಗೆಯುವುದು ಕೀರ್ತನೆ 105:15. 'ಅಭಿಷಿಕ್ತರನ್ನು ಮುಟ್ಟಬೇಡ', ಅಂದರೆ ದೇವರು ಆರಿಸಿಕೊಂಡ ನಾಯಕನನ್ನು ಪ್ರಶ್ನಿಸಬೇಡ ಅಂತ, ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಲು ಬಳಸುವ ವಚನ ಇದು. ವಾದ ಮಾಡದೆ, 9ನೇ ವಚನದಿಂದ ಅವರ ಕೈಯಲ್ಲೇ ಜೋರಾಗಿ ಓದಿಸುತ್ತೇವೆ. ಅಭಿಷಿಕ್ತರು ಅಂದರೆ ಅಬ್ರಹಾಮ, ಇಸಾಕ, ಯಾಕೋಬರ ಮನೆತನ: ಸ್ವಲ್ಪವೇ ಜನ, ನೆಲೆಯಿಲ್ಲದೆ ಅಲೆಯುವವರು. ಎಚ್ಚರಿಕೆ ಹೋಗಿದ್ದು ಅರಸರಿಗೆ. ಆಮೇಲೆ ಒಂದೇ ಪ್ರಶ್ನೆ: 'ನಿಮ್ಮಲ್ಲಿ ಅರಸನ ಜಾಗದಲ್ಲಿ ಯಾರಿದ್ದಾರೆ, ಅಲೆಯುವವರ ಜಾಗದಲ್ಲಿ ಯಾರಿದ್ದಾರೆ?' ಉತ್ತರಕ್ಕೆ ಕಾಯುವುದಿಲ್ಲ, ಅಲ್ಲಿಗೇ ನಿಲ್ಲಿಸುತ್ತೇವೆ. ತಂದೆತಾಯಿಯನ್ನು ಬಿಡಿಸಲು ಲೂಕ 14:26 (ತಂದೆತಾಯಿಯನ್ನು ಹಗೆಮಾಡದವನು ನನ್ನ ಶಿಷ್ಯನಾಗಲಾರ ಎಂಬ ಯೇಸುವಿನ ಮಾತು) ಬಳಸಿದ್ದರೆ, ಪಕ್ಕದಲ್ಲಿ ಮಾರ್ಕ 7:9-13 ಇಡುತ್ತೇವೆ. ದೇವರ ಹೆಸರು ಹೇಳಿ ಹೆತ್ತವರನ್ನು ಕೈಬಿಡುವವರನ್ನು ಯೇಸು ಗದರಿಸುವ ಭಾಗ ಅದು.

ಸುಳ್ಳಾದ ಪ್ರವಾದನೆಯನ್ನು ಮುಖಕ್ಕೆ ಹಿಡಿದರೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಅಮೆರಿಕದಲ್ಲಿ 1844ರ ಅಕ್ಟೋಬರ್ 22ರಂದು ಕ್ರಿಸ್ತನ ಬರೋಣಕ್ಕೆ ಕಾದು ನಿರಾಶರಾದವರಲ್ಲಿ ಬಹಳಷ್ಟು ಜನ ಬಿಟ್ಟುಹೋದರು, ನಿಜ. ಆದರೆ ಕೆಲವರು ಆ ದಿನ ನಡೆದದ್ದು ಪರಲೋಕದಲ್ಲಿ ಎಂದು ವಿವರಣೆ ಕಂಡುಕೊಂಡರು. ಹಾಗಾಗಿ ಧರ್ಮೋಪದೇಶಕಾಂಡ 18:22 (ನುಡಿದದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ ಎಂಬ ವಚನ) ಓದಿ ಗೆಲ್ಲಲು ಹೋಗುವುದಿಲ್ಲ. 'ಆಗ ಏನು ಹೇಳಿದ್ದರು, ಈಗ ಏನು ಹೇಳುತ್ತಾರೆ?' ಎಂದು ಕೇಳಿ, ಎರಡನ್ನೂ ಅವರೇ ಬರೆದುಕೊಳ್ಳಲಿ ಅಂತ ಬಿಡುತ್ತೇವೆ.

ಬಲವಂತ ಖಂಡಿತ ಬೇಡ. 1970ರ ದಶಕದ ಅಮೆರಿಕದಲ್ಲಿ ಜನರನ್ನು ಎಳೆದು ತಂದು ಕೋಣೆಯಲ್ಲಿ ಕೂಡಿಹಾಕಿ 'ಬಿಡಿಸುವ' ಕೆಲಸ ನಡೆಯಿತು. ಕೋರ್ಟು ಕಟಕಟೆಗೂ ಹೋಯಿತು.

ಹೊರಡುವ ಮನಸ್ಸು ಮಾಡಿದವರಿಗೆ ಮೊದಲ ಸಲಹೆ, ಕಾಗದಪತ್ರ. 1978ರ ನವೆಂಬರ್ 18ರಂದು 900ಕ್ಕೂ ಹೆಚ್ಚು ಜನ ಸತ್ತ, ಜಿಮ್ ಜೋನ್ಸ್ ಎಂಬ ಅಮೆರಿಕನ್ ನಾಯಕನ ಗುಂಪು ಗಯಾನಾದಲ್ಲಿ ಕಟ್ಟಿಕೊಂಡಿದ್ದ ಜೋನ್ಸ್‌ಟೌನ್‌ನಲ್ಲಿ ನಿವಾಸಿಗಳ ಪಾಸ್‌ಪೋರ್ಟ್ ನಾಯಕನ ಕಡೆಯವರ ಕೈಯಲ್ಲಿತ್ತು. ಗುರುತಿನ ಚೀಟಿ, ಸರ್ಟಿಫಿಕೇಟು, ಬ್ಯಾಂಕ್ ಪಾಸ್‌ಬುಕ್ ಮೊದಲು ಹೊರಗೆ ಬರಲಿ. ಫೋನನ್ನು ಬೇರೆಯವರು ನೋಡುತ್ತಾರೆ ಎಂದೇ ಲೆಕ್ಕ ಹಾಕಿ ಮೆಸೇಜು ಕಳಿಸಿ. ಮಕ್ಕಳ ಮೇಲೆ ದೌರ್ಜನ್ಯವೋ, ಆತ್ಮಹತ್ಯೆಯ ಮಾತೋ ಕೇಳಿಬಂದರೆ ಪ್ರಾರ್ಥನೆಯ ಜೊತೆಗೇ ಪೊಲೀಸರಿಗೂ ವೈದ್ಯರಿಗೂ ಫೋನ್ ಹೋಗಬೇಕು.

ಹೊರಬಂದ ಮೇಲೆ ಮನೆಯವರು ಮಾಡುವ ತಪ್ಪೆಂದರೆ ಮುಂದಿನ ಭಾನುವಾರವೇ ತಮ್ಮ ಸಭೆಗೆ ಕರೆದೊಯ್ದು ಸಾಕ್ಷಿ ಹೇಳಿಸುವುದು. ಅದೇ ಹಾಡು, ಅದೇ ಕೈಯೆತ್ತುವಿಕೆ ಎದೆ ನಡುಗಿಸಬಹುದು. ನರಕದ ಭಯ ರಾತ್ರಿ ಹೊತ್ತು ಬರುತ್ತದೆ, ಆಗ ಫೋನ್ ತೆಗೆಯುವವರೊಬ್ಬರು ಇರಬೇಕು. ಬೈಬಲ್ ಮುಟ್ಟಲೂ ಮನಸ್ಸಾಗದ ತಿಂಗಳುಗಳು ಬರುತ್ತವೆ; ಬಂದರೆ ಬರಲಿ. ಗುಂಪಿನಲ್ಲಿದ್ದಾಗ ನಿಲ್ಲಿಸಿದ್ದ ಮಾತ್ರೆಯನ್ನು ಮತ್ತೆ ಶುರು ಮಾಡುವ ಮುನ್ನ ಮಾತ್ರ ಡಾಕ್ಟರನ್ನು ಕೇಳಿ, ಹಳೆಯ ಚೀಟಿ ನೋಡಿ ತಾವೇ ನುಂಗುವುದು ಬೇಡ.