ಪೋಖರಾದಲ್ಲಿ ದಂಡೆಗೆ ಸೈಕಲ್, ಗುಡ್ಡಕ್ಕೆ ಕಾಲು

ನೇಪಾಳದ ಪೋಖರಾಗೆ ಹೋದವರು ಸಾಮಾನ್ಯವಾಗಿ ಒಂದು ಟ್ಯಾಕ್ಸಿ ಹಿಡಿದು, ನೋಡಬೇಕಾದ ಜಾಗಗಳನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿಬಿಡುತ್ತಾರೆ. ನಾನು ಬಾಡಿಗೆ ಸೈಕಲ್ ತೆಗೆದುಕೊಂಡೆ, ಉಳಿದಿದ್ದನ್ನು ನಡೆದೇ ನೋಡಿದೆ. ಯಾವ ದಾರಿ ಹಿಡಿಯಬೇಕು ಅನ್ನೋದಕ್ಕೆ ನೀರನ್ನೇ ನಂಬಿಕೊಂಡೆ. ಫೇವಾ ಸರೋವರಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾ ಹೊರಟರೆ ಆ ಕಣಿವೆ ತಾನಾಗಿಯೇ ಅರ್ಥವಾಗುತ್ತದೆ.

ಮೊದಲು ಸರೋವರದ ಪಶ್ಚಿಮ ತುದಿಯಲ್ಲಿರುವ ಪಾಮೆ ಕಡೆಗೆ ಹೊರಡಿ. ಪ್ರವಾಸಿಗರು ಉಳಿಯುವ ಲೇಕ್‌ಸೈಡ್ ಬಡಾವಣೆಯ ಹೋಟೆಲುಗಳ ಸಾಲು ದಾಟಿದರೆ ರಸ್ತೆ ಸರೋವರದ ಉತ್ತರ ದಂಡೆಯಲ್ಲೇ ಪಶ್ಚಿಮಕ್ಕೆ ಸಾಗುತ್ತದೆ. ಎಡಕ್ಕೆ ನೀರು, ಬಲಕ್ಕೆ ಸರಂಕೋಟ್ ಗುಡ್ಡ. ಏರು ತೀರಾ ಕಡಿಮೆ, ಹೊಸಬರೂ ಆರಾಮಾಗಿ ತುಳಿಯಬಹುದು. ಸರಂಕೋಟಿನಿಂದ ಹಾರಿದ ಪ್ಯಾರಾಗ್ಲೈಡರ್‌ಗಳು ಇದೇ ದಂಡೆಯಲ್ಲಿ ಇಳಿಯುತ್ತವೆ. ಪಾಮೆ ಹತ್ತಿರ ಬಂದಂತೆ ನೀರು ಮುಗಿದು ಗದ್ದೆ ಶುರುವಾಗುತ್ತದೆ. ಹರ್ಪನ್ ಖೋಲಾ ಅನ್ನುವ ಹೊಳೆ ಸರೋವರ ಸೇರುವುದು ಇಲ್ಲೇ. ಗುಡ್ಡಗಳಿಂದ ಅದು ಹೊತ್ತು ತರುವ ಹೂಳು ಇಲ್ಲೇ ನಿಲ್ಲುತ್ತದೆ, ಸರೋವರ ಈ ತುದಿಯಿಂದಲೇ ಕಿರಿದಾಗುತ್ತಾ ಬಂದಿದೆ. ಎಮ್ಮೆ ಮೇಯುತ್ತಿರುವ ಆ ಬಯಲು ಒಂದು ಕಾಲಕ್ಕೆ ನೀರೇ ಆಗಿತ್ತು ಅಂತ ತಿಳಿದರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಅದನ್ನು ಕಣ್ಣಾರೆ ನೋಡಬೇಕು ಅಂತಲೇ ನಾನು ಈ ದಾರಿಯನ್ನು ಮೊದಲು ಹೇಳುತ್ತೇನೆ.

ಇನ್ನೊಂದು ತುದಿಯಲ್ಲಿ ಪಾರ್ದಿ ಅಣೆಕಟ್ಟು. ಅಲ್ಲಿಂದ ಹೊರಬಿದ್ದ ನೀರು ಛೋರೆಪಾಟನ್‌ನಲ್ಲಿ ಡೇವಿಸ್ ಫಾಲ್ಸ್ ಆಗಿ ನೆಲದೊಳಗೆ ಧುಮುಕಿ ಮಾಯವಾಗುತ್ತದೆ. ಇದಕ್ಕೆ ನೇಪಾಳಿಯಲ್ಲಿ ಪಾತಾಲೆ ಛಾಂಗೊ ಅನ್ನುತ್ತಾರೆ. ರಸ್ತೆ ದಾಟಿ ಗುಪ್ತೇಶ್ವರ ಗುಹೆಗೆ ಇಳಿದರೆ ಅದೇ ನೀರನ್ನು ಬಂಡೆಯ ಸೀಳಿನಲ್ಲಿ ಒಳಗಿನಿಂದ ನೋಡಬಹುದು. ಮಳೆಗಾಲದಲ್ಲಿ ಗುಹೆಯ ಕೆಳಭಾಗಕ್ಕೆ ಬಿಡುವುದಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಸಣ್ಣದು.

ಗುಡ್ಡಕ್ಕೆ ಮಾತ್ರ ಸೈಕಲ್ ಬೇಡ. ವಿಶ್ವಶಾಂತಿ ಸ್ತೂಪ ಇರುವ ಗುಡ್ಡ ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಸರೋವರದಿಂದ ಲೆಕ್ಕ ಹಾಕಿದರೆ ಏರು 300 ಮೀಟರಿಗೆ ಸ್ವಲ್ಪ ಜಾಸ್ತಿ. ಹೆಚ್ಚಿನವರು ದೋಣಿಯಲ್ಲಿ ಆಚೆ ದಡ ಸೇರಿ ಕಲ್ಲುಮೆಟ್ಟಿಲು ಹತ್ತುತ್ತಾರೆ. ನನಗೆ ಅದನ್ನು ತಿರುಗಿಸಿ ಮಾಡುವುದೇ ಇಷ್ಟ. ಅಣೆಕಟ್ಟಿನ ಕೆಳಗಿನ ತೂಗುಸೇತುವೆ ದಾಟಿ ರಾನಿಬನ ಕಾಡಿನೊಳಗೆ ನಿಧಾನಕ್ಕೆ ಏರುವುದು, ಮೆಟ್ಟಿಲಲ್ಲಿ ಇಳಿದು ದೋಣಿಯಲ್ಲಿ ವಾಪಸ್ ಬರುವುದು. ಕಾಡಿನ ದಾರಿ ಉದ್ದ, ಆದರೆ ನೆರಳಿದೆ, ಜನ ಕಡಿಮೆ. ದಣಿದ ಕಾಲಿಗೆ ಕೊನೆಯಲ್ಲಿ ದೋಣಿ ಸಿಗುತ್ತದೆ ಅಲ್ವಾ, ಅದು ದೊಡ್ಡ ಸುಖ.

ಹೊತ್ತು ಮುಖ್ಯ. ಇಲ್ಲಿಂದ ಕಾಣುವ ಹಿಮಾಲಯದ ಮಚ್ಛಪುಚ್ಛ್ರೆ ಶಿಖರದ ಎತ್ತರ 6,993 ಮೀಟರ್, ಊರಿನಿಂದ ನೇರ ಗೆರೆಯಲ್ಲಿ ಸುಮಾರು 30 ಕಿ.ಮೀ. ಅಷ್ಟೆ. ನಡುವೆ ಅದನ್ನು ಮರೆಮಾಡುವ ಎತ್ತರದ ಬೆಟ್ಟಸಾಲಿಲ್ಲ. ಆದರೂ ಬಿಸಿಲೇರಿದಂತೆ ಮೋಡ ಮುಚ್ಚಿಬಿಡುತ್ತದೆ. ಹಾಗಾಗಿ ಬೆಳಕು ಹರಿಯುವ ಮುಂಚೆಯೇ ಹೊರಡಿ. ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಾಡಿನ ದಾರಿ ಜಾರುತ್ತದೆ, ಜಿಗಣೆ ಬೇರೆ.

ಸೈಕಲ್ ತೆಗೆದುಕೊಳ್ಳುವಾಗ ಅಂಗಡಿ ಮುಂದೆಯೇ ಒಂದು ಸುತ್ತು ಹೊಡೆದು ಎರಡೂ ಬ್ರೇಕ್ ಹಿಡಿದು ನೋಡಿ. ಗೇರ್ ಜಾರಿದರೆ ಸುಮ್ನೆ ಬೇರೆ ಕೇಳಿ. ವಾಹನಗಳು ನಮ್ಮಲ್ಲಿಯಂತೆ ಎಡಕ್ಕೇ ಓಡುತ್ತವೆ.

ಬೇಗ್ನಾಸ್ ಸರೋವರಕ್ಕೆ ಬಸ್ಸೇ ಸರಿ. ಅಲ್ಲಿಗೆ ಹೋಗಲು ಹಿಡಿಯಬೇಕಾದ ಪೃಥ್ವಿ ಹೆದ್ದಾರಿಯಲ್ಲಿ ಲಾರಿ, ಧೂಳು ಎರಡೂ ಜಾಸ್ತಿ, ಸೈಕಲ್ ತುಳಿಯುವ ಖುಷಿಯೇ ಇರುವುದಿಲ್ಲ. ಇಳಿದ ಮೇಲೆ ಸುಂದರಿ ಡಾಂಡಾ ದಿಣ್ಣೆಯ ಮೇಲೆ ನಡೆಯಿರಿ. ಒಂದು ಬದಿಗೆ ಬೇಗ್ನಾಸ್, ಇನ್ನೊಂದು ಬದಿಗೆ ರೂಪಾ ಸರೋವರ. ಈ ಕಣಿವೆಯ 9 ಸರೋವರಗಳು 2016ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿವೆ. ಅವುಗಳಲ್ಲಿ ಎರಡನ್ನು ಒಂದೇ ನಡಿಗೆಯಲ್ಲಿ ನೋಡಬಹುದು. ವಾಪಸ್ ಬರುವ ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ.