ಎಣ್ಣೆ ತಾಳೆ ತೋಟದ ಪೋಷಕಾಂಶ ಮತ್ತು ಇಳುವರಿ ನಕ್ಷೆ ಸಿದ್ಧಪಡಿಸುವ ಬಗೆ

ದೂರದಿಂದ ಒಂದೇ ಹಸಿರಾಗಿ ಕಾಣುವ ಎಣ್ಣೆ ತಾಳೆ ತೋಟದ ಒಂದು ಭಾಗದಲ್ಲಿ ಪೊಟ್ಯಾಷ್ ಕೊರತೆಯಿದ್ದರೆ ಇನ್ನೊಂದು ಭಾಗದಲ್ಲಿ ಮೆಗ್ನೀಷಿಯಂ ಕೊರತೆಯಿರಬಹುದು. ಎಲ್ಲ ಮರಗಳ ಎಲೆಯನ್ನೂ ಬೆರೆಸಿ ಪರೀಕ್ಷಿಸಿದರೆ ಸರಾಸರಿ ಸಿಗುತ್ತದೆಯೇ ಹೊರತು ಕೊರತೆ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿ ನಕ್ಷೆ ಬೇಕು.

ಮೊದಲು ಮಾದರಿ ಮರಗಳನ್ನು ಗುರುತಿಸಬೇಕು. ಪ್ರತಿ ಹತ್ತನೇ ಸಾಲಿನ ಪ್ರತಿ ಹತ್ತನೇ ಮರವನ್ನು ಆರಿಸುವುದು ರೂಢಿ. 9 ಮೀಟರ್ ಅಂತರದ ತ್ರಿಕೋನ ನಾಟಿಯಲ್ಲಿ ಹೆಕ್ಟೇರಿಗೆ 143 ಮರಗಳಿದ್ದು, ಹೀಗೆ ಆರಿಸಿದರೆ ಹೆಕ್ಟೇರಿಗೆ ಒಂದೆರಡು ಮರಗಳಷ್ಟೇ ಸಿಗುವುದರಿಂದ ಚಿಕ್ಕ ತೋಟಕ್ಕೆ ಈ ಲೆಕ್ಕ ಸಾಲದು. ಅಲ್ಲಿ ಹೆಚ್ಚು ಒತ್ತಾಗಿ ಆರಿಸಿ, ಸುಮಾರು ನೂರು ಬಿಂದುಗಳಾದರೂ ಆಗುವಂತೆ ನೋಡಿಕೊಳ್ಳಬೇಕು. ರಸ್ತೆಯಂಚಿನ, ರೋಗ ತಗುಲಿದ ಮತ್ತು ಮರುನಾಟಿಯ ಮರಗಳನ್ನು ಬಿಟ್ಟು, ಆರಿಸಿದ ಪ್ರತಿ ಮರಕ್ಕೂ ಸಂಖ್ಯೆ ಬರೆದು ಜಿಪಿಎಸ್ ಸ್ಥಾನವನ್ನು ದಾಖಲಿಸಬೇಕು.

ಇಡೀ ಕೆಲಸ ನಿಂತಿರುವುದು ಎಲೆ ಪರೀಕ್ಷೆಗೆ ಸರಿಯಾದ ಗರಿಯನ್ನು ಆರಿಸುವುದರ ಮೇಲೆ. ಎಸಳುಗಳೆಲ್ಲ, ಅಂದರೆ ಗರಿಯ ಕಿರು ಎಲೆಗಳೆಲ್ಲ, ಪೂರ್ತಿ ಬಿಡಿಸಿಕೊಂಡಿರುವ ಅತ್ಯಂತ ಎಳೆಯ ಗರಿಯೇ ಒಂದನೆಯದು. ಗರಿಗಳು ಕಾಂಡದ ಸುತ್ತ ಎಂಟು ಸುರುಳಿ ಸಾಲುಗಳಲ್ಲಿ ಜೋಡಣೆಯಾಗಿರುವುದರಿಂದ, ಒಂದನೆಯದರ ಸಾಲಿನಲ್ಲೇ ಕೆಳಗಿಳಿದರೆ ಮುಂದಿನದು 9ನೆಯದು, ಅದರಾಚೆಯದು 17ನೆಯದು. ಬೆಳೆದ ಮರದಲ್ಲಿ 17ನೇ ಗರಿಯನ್ನೂ ಎಳೆಯ ಮರದಲ್ಲಿ 9ನೆಯದನ್ನೂ ತೆಗೆದುಕೊಳ್ಳಬೇಕು. ಗರಿಯ ವಯಸ್ಸಿನೊಂದಿಗೆ ಪೋಷಕಾಂಶದ ಪ್ರಮಾಣವೂ ಬದಲಾಗುವ ಕಾರಣ ಎಣಿಕೆ ತಪ್ಪಿದ ಮರ ನಕ್ಷೆಯಲ್ಲಿ ಇಲ್ಲದ ಕೊರತೆಯನ್ನು ತೋರಿಸುತ್ತದೆ. ಆದ್ದರಿಂದ ಎಣಿಸುವವರಿಗೆ ಒಂದು ದಿನ ಪೂರ್ತಿ ತರಬೇತಿ ಕೊಡುವುದು ವ್ಯರ್ಥವಲ್ಲ.

ಗರಿಯ ನಡುಭಾಗದ ಎರಡೂ ಬದಿಯಿಂದ ಕೆಲವು ಎಸಳುಗಳನ್ನು ಕಿತ್ತು, ತುದಿ ಬುಡಗಳನ್ನು ಕತ್ತರಿಸಿ, ನಡುವಿನ 20 ಸೆಂಟಿಮೀಟರಿನಷ್ಟು ಭಾಗದಿಂದ ನಡುನರವನ್ನು ತೆಗೆದು, ಒರೆಸಿ, ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಬೆಳಗಿನ ಹೊತ್ತು ಒಳ್ಳೆಯದು. ಜೋರು ಮಳೆಯ ಬೆನ್ನಲ್ಲಾಗಲಿ, ಗೊಬ್ಬರ ಹಾಕಿ ಎರಡು ಮೂರು ತಿಂಗಳಾಗುವ ಮೊದಲಾಗಲಿ ಎಲೆ ಕೀಳಬಾರದು.

ಅದೇ ಮರಗಳ ಗೊನೆಗಳನ್ನು ಪ್ರತಿ ಕೊಯ್ಲಿನಲ್ಲೂ, ಅಂದರೆ 10ರಿಂದ 15 ದಿನಕ್ಕೊಮ್ಮೆ, ಎಣಿಸಿ ತೂಗಬೇಕು. ಉದುರಿದ ಹಣ್ಣಿನ ತೂಕವೂ ಸೇರಬೇಕು.

ಬಳಿಕ ಕಂಪ್ಯೂಟರಿನಲ್ಲಿ ಪ್ರತಿ ಪೋಷಕಾಂಶಕ್ಕೂ ಇಳುವರಿಗೂ ವೇರಿಯೋಗ್ರಾಂ ಎಂಬ ರೇಖಾಚಿತ್ರ ರಚಿಸಬೇಕು. ಮರಗಳ ನಡುವಿನ ದೂರ ಹೆಚ್ಚಿದಂತೆ ಅವುಗಳ ಅಳತೆಗಳು ಎಷ್ಟು ಭಿನ್ನವಾಗುತ್ತವೆ ಎಂಬುದನ್ನು ಅದು ತೋರಿಸುತ್ತದೆ. ಭಿನ್ನತೆ ದೂರದೊಂದಿಗೆ ಏರಿ ಒಂದು ಹಂತದಲ್ಲಿ ನಿಂತರೆ ಕ್ರಿಗಿಂಗ್ ವಿಧಾನದಿಂದ ಬಿಂದುಗಳ ನಡುವಣ ಜಾಗಕ್ಕೂ ಅಂದಾಜು ಪಡೆದು ನಕ್ಷೆ ಬಿಡಿಸಬಹುದು. ಏರಿಕೆಯೇ ಇಲ್ಲದಿದ್ದರೆ ಆ ಬಿಂದುಗಳಿಂದ ಬಣ್ಣದ ನಕ್ಷೆ ಬಿಡಿಸುವುದು ಓದುವವರನ್ನು ದಾರಿ ತಪ್ಪಿಸಿದಂತೆಯೇ ಸರಿ.

ಪೋಷಕಾಂಶದ ಮತ್ತು ಇಳುವರಿಯ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡುವಾಗ ಅವಸರ ಬೇಡ. ಹೂಗೊಂಚಲು ಹೆಣ್ಣೋ ಗಂಡೋ ಎಂಬುದು ಕೊಯ್ಲಿಗೆ ಸುಮಾರು ಎರಡು ವರ್ಷ ಮೊದಲೇ ನಿರ್ಧಾರವಾಗುವುದರಿಂದ, ಈ ವರ್ಷದ ಎಲೆಯನ್ನು ಮುಂದಿನ ಎರಡು ಮೂರು ವರ್ಷಗಳ ಇಳುವರಿಯೊಂದಿಗೂ ಹೋಲಿಸಬೇಕು. ಪೋಷಕಾಂಶ, ಇಳುವರಿ ಎರಡೂ ಕಡಿಮೆಯಿರುವಲ್ಲಿ ಗೊಬ್ಬರದ ಪ್ರಮಾಣವನ್ನು ಪರಿಶೀಲಿಸಬಹುದು. ಎಲೆ ಸಮೃದ್ಧವಾಗಿದ್ದೂ ಗೊನೆ ಕಡಿಮೆಯಿದ್ದರೆ ನೀರು ನಿಲ್ಲುವುದು, ಬರ ಅಥವಾ ಪರಾಗಸ್ಪರ್ಶದ ಕೊರತೆಯನ್ನು ಹುಡುಕಬೇಕು. ಇಳುವರಿ ಹೆಚ್ಚಿದ್ದು ಪೊಟ್ಯಾಷ್ ಕಡಿಮೆಯಿದ್ದರೆ ಗೊನೆಗಳೇ ಅದನ್ನು ಹೊತ್ತೊಯ್ದಿರಬಹುದು. ಅಲ್ಲಿ ಪೊಟ್ಯಾಷ್ ಹೆಚ್ಚಿಸಿದಾಗ ಮೆಗ್ನೀಷಿಯಂ ಕುಸಿಯಿತೇ ಎಂದು ತಿಳಿಯಲು, ಮರುವರ್ಷ ಅದೇ ಋತುವಿನಲ್ಲಿ ಅದೇ ಮರಗಳ ಎಲೆಯನ್ನು ಮತ್ತೆ ಪರೀಕ್ಷಿಸಬೇಕು.