ಕಟಿಂಗ್ ಅಂಗಡಿ ಮುಚ್ಚಿದಾಗ ಮನೆಯಲ್ಲೇ ಕೂದಲು ಕತ್ತರಿಸುವ ಬಗೆ

ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ, ಅದೂ ತಲೆಯ ಎಲ್ಲ ಕಡೆ ಬಹುಪಾಲು ಒಂದೇ ವೇಗದಲ್ಲಿ. ಹೀಗಾಗಿ ಕಟಿಂಗ್ ಮಾಡಿಸಿ ಎರಡು ತಿಂಗಳು ಕಳೆದರೂ ಅಂಗಡಿಯಲ್ಲಿ ಕೊಟ್ಟ ಆಕಾರ ಅಳಿಸಿರುವುದಿಲ್ಲ. ಬುಡದಿಂದ ಎರಡೂವರೆ ಸೆಂಟಿಮೀಟರ್ ಆಚೆ ಸರಿದು ನಿಂತಿರುತ್ತದೆ, ಅಷ್ಟೆ. ಎಲ್ಲ ಕಡೆಯಿಂದ ಅಷ್ಟಷ್ಟೇ ತೆಗೆದರೆ ಹಳೆಯ ಕಟಿಂಗ್ ಮರಳಿ ಸಿಗುತ್ತದೆ. ಮನೆಯಲ್ಲಿ ಮೊದಲ ಸಲ ಕತ್ತರಿ ಹಿಡಿಯುವವರು ಈ ಲೆಕ್ಕ ನೆನಪಿಟ್ಟರೆ ಅರ್ಧ ಕೆಲಸ ಆದಂತೆ. ಹೊಸ ಸ್ಟೈಲ್ ಬೇಡ, ಮೊಬೈಲ್‌ನಲ್ಲಿ ನೋಡಿದ ನಟನ ತಲೆ ಬೇಡ. ಬೆಳೆದಷ್ಟನ್ನೇ ತೆಗೆಯಿರಿ, ಧೈರ್ಯ ಸಾಲದಿದ್ದರೆ ಅದರ ಅರ್ಧ ತೆಗೆದು ನಿಲ್ಲಿಸಿ.

2020ರ ಮಾರ್ಚ್ 25ರ ಕೊರೊನಾ ಲಾಕ್‌ಡೌನಿಗೆ ಮುಚ್ಚಿದ ಅಂಗಡಿಗಳು ನಮ್ಮ ರಾಜ್ಯದಲ್ಲಿ ಬಾಗಿಲು ತೆರೆದದ್ದು ಮೇ 19ಕ್ಕೆ. 2021ರಲ್ಲಿ ಏಪ್ರಿಲ್ 27ರಿಂದ ಮತ್ತೆ ಬಂದ್ ಆದವು. ಬೆಳಗಾವಿಯ ಖಡೇಬಜಾರಿನಲ್ಲಾಗಲಿ, ವಿಜಯಪುರದ ಗಾಂಧಿ ಚೌಕದಲ್ಲಾಗಲಿ, ಬಾಗಲಕೋಟೆಯ ನವನಗರದಲ್ಲಾಗಲಿ ಬೆಳಿಗ್ಗೆ 6ರಿಂದ 10ರೊಳಗೆ ಕಿರಾಣಿ, ಕಾಯಿಪಲ್ಲೆ ಸಿಗುತ್ತಿತ್ತು, ಕಟಿಂಗ್ ಇರಲಿಲ್ಲ. ಹಾಗೆಂದು ಅಂಥ ಹೊತ್ತಿನಲ್ಲಿ ಗುರುತಿನ ಕ್ಷೌರಿಕರನ್ನು ಕದ್ದುಮುಚ್ಚಿ ಮನೆಗೆ ಕರೆಸುವುದು ಸರಿಯಲ್ಲ. ಅವರು ಒಂದೇ ದಿನ ನಾಲ್ಕಾರು ಮನೆಗಳಲ್ಲಿ, ಮುಖದಿಂದ ಒಂದು ಮೊಳ ದೂರದಲ್ಲಿ, ಅರ್ಧರ್ಧ ತಾಸು ನಿಲ್ಲಬೇಕಾಗುತ್ತದೆ. ಸೋಂಕು ಹತ್ತಿದರೆ ಮೊದಲು ಹತ್ತುವುದು ಅವರಿಗೇ. ಸರ್ಕಾರ 2020ರಲ್ಲಿ ಕ್ಷೌರಿಕರಿಗೆ 5,000 ರೂಪಾಯಿ ಪರಿಹಾರ ಪ್ರಕಟಿಸಿತ್ತು, 2021ರಲ್ಲಿ 2,000. ಎರಡು ತಿಂಗಳ ಸಂಸಾರಕ್ಕೆ ಅದು ಸಾಲುವ ಹಣವಾಗಿರಲಿಲ್ಲ. ಅಂಗಡಿ ಮುಚ್ಚಿದಾಗ ನಿಮ್ಮ ಕಾಯಂ ಅಂಗಡಿಯವರಿಗೆ ಒಂದೆರಡು ಕಟಿಂಗಿನ ದುಡ್ಡು ಮುಂಗಡವಾಗಿ ಮೊಬೈಲ್‌ನಲ್ಲೇ ಕಳಿಸಬಹುದು.

ಸಾಮಾನು

ಕತ್ತರಿಯೇ ಮುಖ್ಯ. ಕಟಿಂಗ್ ಕತ್ತರಿ ಐದೂವರೆಯಿಂದ ಆರು ಇಂಚಿನದು, ಅಲಗು ತೆಳ್ಳಗೆ. ಅದಿಲ್ಲದಿದ್ದರೆ ಹೊಲಿಗೆ ಮಷೀನಿನ ಕತ್ತರಿಯಲ್ಲಿ ಚಿಕ್ಕದನ್ನು ತೆಗೆದುಕೊಳ್ಳಿ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹರಿತವಿದ್ದರೂ ಭಾರ, ಕಿವಿಯ ಹತ್ತಿರ ಕೈ ಹಿಡಿತಕ್ಕೆ ಬರುವುದಿಲ್ಲ. ಹಾಲಿನ ಪಾಕೀಟು ಕತ್ತರಿಸುವ ಅಡುಗೆಮನೆಯ ಕತ್ತರಿಯನ್ನಂತೂ ಮುಟ್ಟಬೇಡಿ. ಮೊಂಡ ಅಲಗಿನ ನಡುವೆ ಕೂದಲು ಕತ್ತರಿಸದೆ ಮಡಚಿಕೊಂಡು ಜಾರುತ್ತದೆ. ಸಾಲು ಓರೆಯಾಗುವುದಕ್ಕೆ, ಆಮೇಲೆ ತುದಿ ಸೀಳುವುದಕ್ಕೆ ಅದೇ ಕಾರಣ. ಹರಿತ ನೋಡಲು ಹಣಿಗೆಯಲ್ಲಿ ಉದುರಿದ ನಾಲ್ಕೈದು ಕೂದಲನ್ನು ಒದ್ದೆ ಮಾಡಿ, ಅಲಗಿನ ತುದಿಯಲ್ಲಿ ಕತ್ತರಿಸಿ. ಒಂದೇ ಏಟಿಗೆ ತುಂಡಾದರೆ ಕತ್ತರಿ ನಡೆಯುತ್ತದೆ.

ಗಡ್ಡದ ಟ್ರಿಮ್ಮರ್ ಮನೆಯಲ್ಲಿದ್ದರೆ ಪಕ್ಕ ಮತ್ತು ಹಿಂಭಾಗಕ್ಕೆ ಸಾಕು. ಅದರ ಬಾಚಣಿಗೆಯ ಮೇಲೆ ಮಿಲಿಮೀಟರ್ ಬರೆದಿರುತ್ತದೆ, ಕೆಲವು 10ಕ್ಕೆ ನಿಲ್ಲುತ್ತವೆ, ಕೆಲವು 20ರವರೆಗೆ ಹೋಗುತ್ತವೆ. ಅಂಗಡಿಯ ಕ್ಲಿಪ್ಪರಿನ ಲೆಕ್ಕ ಬೇರೆ: 1ನೇ ನಂಬರ್ ಅಂದರೆ 3 ಮಿಲಿಮೀಟರ್, 2 ಅಂದರೆ 6, 3 ಅಂದರೆ ಸುಮಾರು 10, 4 ಅಂದರೆ 13. “ನನಗೆ ಯಾವಾಗಲೂ ಮೂರನೇ ನಂಬರ್” ಅನ್ನುವವರಿಗೆ ಗಡ್ಡದ ಟ್ರಿಮ್ಮರನ್ನು 3ಕ್ಕೆ ಇಟ್ಟು ಓಡಿಸಿದರೆ ತಲೆ ಹೆಚ್ಚುಕಡಿಮೆ ಬೋಳಾಗುತ್ತದೆ. ಮನೆಯ ಕಟಿಂಗಿನಲ್ಲಿ ಈ ತಪ್ಪಿಗೆ ಮದ್ದಿಲ್ಲ.

ಬ್ಲೇಡಿಗೆ ಎರಡು ಹನಿ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು, ಹತ್ತು ಸೆಕೆಂಡ್ ಖಾಲಿ ಓಡಿಸಿ, ಹೆಚ್ಚಾದದ್ದನ್ನು ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅದು ದಿನ ಕಳೆದಂತೆ ಹಲ್ಲುಗಳ ನಡುವೆ ಜಿಗುಟಾಗಿ ಕೂರುತ್ತದೆ. ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಮೊದಲೇ ಪೂರ್ತಿ ಚಾರ್ಜ್ ಮಾಡಿ. ಬ್ಯಾಟರಿ ಇಳಿದಾಗ ಬ್ಲೇಡಿನ ವೇಗ ಕುಂದಿ ಕೂದಲನ್ನು ಕತ್ತರಿಸುವ ಬದಲು ಕೀಳುತ್ತದೆ. ಕೂತವರು ತಟ್ಟನೆ ತಲೆ ಎಳೆದುಕೊಳ್ಳುತ್ತಾರೆ, ಅಲ್ಲೇ ಗುಂಡಿ ಬೀಳುತ್ತದೆ.

ಕೂರಿಸುವುದು

ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ, ಹಿತ್ತಲಲ್ಲೋ ಪಡಸಾಲೆಯ ಬಾಗಿಲ ಬಳಿಯೋ ಕೂರಿಸಿ. ವಿಜಯಪುರ, ಬಾಗಲಕೋಟೆ ಕಡೆ ಮೇ ತಿಂಗಳಲ್ಲಿ ಹೊತ್ತು ಏರಿದರೆ ಕತ್ತೆಲ್ಲ ಬೆವರಿ ಕೂದಲು ಚರ್ಮಕ್ಕೆ ಅಂಟುತ್ತದೆ, ಟ್ರಿಮ್ಮರ್ ಸಾಗುವುದಿಲ್ಲ. ಕೂತವರ ತಲೆ ಕತ್ತರಿಸುವವರ ಎದೆಯ ಮಟ್ಟಕ್ಕೆ ಬರಬೇಕು. ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ ಬಗ್ಗಿ ಕತ್ತರಿಸಿದರೆ ಕಣ್ಣಿಗೆ ನೆತ್ತಿ ಮಾತ್ರ ಕಾಣುತ್ತದೆ, ಪಕ್ಕಗಳು ಒಂದು ಮೇಲೆ ಒಂದು ಕೆಳಗೆ ಆಗುತ್ತವೆ.

ಹೊದಿಸಲು ಹತ್ತಿ ಟಾವೆಲ್ ಬೇಡ, ಸಣ್ಣ ಕೂದಲು ಅದರಲ್ಲಿ ಚುಚ್ಚಿಕೊಂಡು ಮೂರು ಸಲ ಒಗೆದರೂ ಹೋಗುವುದಿಲ್ಲ. ಹಳೆಯ ನೈಲಾನ್ ಅಥವಾ ಪಾಲಿಯೆಸ್ಟರ್ ಸೀರೆ ಒಳ್ಳೆಯದು, ಕೂದಲು ಜಾರಿ ಬೀಳುತ್ತದೆ. ಕುತ್ತಿಗೆಗೆ ಮಾತ್ರ ಮೊದಲು ಮೆತ್ತನೆಯ ಧೋತರದ ಪಟ್ಟಿ ಸುತ್ತಿ, ಅದರ ಮೇಲೆ ಸೀರೆ ಕಟ್ಟಿ.

ಎಣ್ಣೆ ಹಚ್ಚಿದ ತಲೆಗೆ ಟ್ರಿಮ್ಮರ್ ಹಾಕಬಾರದು. ಹಿಂದಿನ ದಿನವೇ ತಲೆ ತೊಳೆದಿರಲಿ. ಬೋರಿನ ಗಡಸು ನೀರಿಗೆ ಸಾಬೂನು ಹಚ್ಚಿದರೆ ನೊರೆಯ ಬದಲು ಬಿಳಿ ಜಿಗುಟು ಉಳಿಯುತ್ತದೆ. ಶಾಂಪೂ ಅಥವಾ ಸೀಗೆಕಾಯಿ ಹಾಕಿ, ಕೊನೆಯಲ್ಲಿ ಒಂದು ತಂಬಿಗೆ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಸುರಿದು, ಮತ್ತೆ ಬರಿ ನೀರು ಹಾಕಿ. ಟ್ರಿಮ್ಮರಿಗೆ ಕೂದಲು ಪೂರ್ತಿ ಒಣಗಿರಬೇಕು, ಕತ್ತರಿಗೆ ಸ್ವಲ್ಪ ತೇವ ಇರಬೇಕು. ಆದ್ದರಿಂದ ಟ್ರಿಮ್ಮರ್ ಕೆಲಸ ಮೊದಲು, ಆಮೇಲೆ ನೀರು ಚಿಮುಕಿಸಿ ಕತ್ತರಿ ಕೆಲಸ.

ಪಕ್ಕ ಮತ್ತು ಹಿಂಭಾಗ

ಮೊದಲು ಗಡಿ ಗುರುತು ಮಾಡಿಕೊಳ್ಳಿ. ಹಣಿಗೆಯನ್ನು ಕಿವಿಯ ಮೇಲೆ, ತಲೆಯ ಪಕ್ಕಕ್ಕೆ ನೆಟ್ಟಗೆ ಒತ್ತಿ ಹಿಡಿಯಿರಿ. ತಲೆ ಒಳಗೆ ಬಾಗಿ ಹಣಿಗೆ ಎಲ್ಲಿ ಚರ್ಮವನ್ನು ಬಿಡುತ್ತದೋ ಅದೇ ಗಡಿ. ಅದರ ಕೆಳಗೆ ಟ್ರಿಮ್ಮರ್, ಮೇಲೆ ಕತ್ತರಿ. ಮನೆಯ ಕಟಿಂಗಿನಲ್ಲಿ ತಲೆ ಮಡಕೆ ಬೋರಲು ಹಾಕಿದಂತೆ ಕಾಣುವುದು ಟ್ರಿಮ್ಮರ್ ಈ ಗಡಿ ದಾಟಿ ನೆತ್ತಿಗೆ ಏರಿದಾಗ.

ಟ್ರಿಮ್ಮರಿನಲ್ಲಿರುವ ಅತಿ ಉದ್ದದ ಅಳತೆಯಿಂದಲೇ ಶುರು ಮಾಡಿ. ಅದು 10 ಮಿಲಿಮೀಟರಿಗೇ ನಿಲ್ಲುವುದಾದರೆ ಹಿಂದೆ, ಹೆಡತಲೆಯ ಕೆಳಗಡೆ ಒಂದು ಪಟ್ಟಿ ಓಡಿಸಿ ನೋಡಿ, ತೀರ ಸಣ್ಣದೆನಿಸಿದರೆ ಅಲ್ಲಿಗೇ ಬಿಟ್ಟು ಕತ್ತರಿ ಹಿಡಿಯಿರಿ. ಬಾಚಣಿಗೆ ಟಕ್ ಎಂದು ಕೂತಿದೆಯೇ ಎಂದು ಪ್ರತಿ ಸಲ ಎಳೆದು ನೋಡಬೇಕು, ನಡುವೆ ಕಳಚಿದರೆ ಬಿಳಿ ಪಟ್ಟಿ ಮೂಡುತ್ತದೆ. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ, ನಿಧಾನ ಸಾಗಿಸಿ. ಗಡಿಗೆ ಎರಡು ಬೆರಳು ಇರುವಾಗಲೇ ಟ್ರಿಮ್ಮರನ್ನು ತಲೆಯಿಂದ ಹೊರಕ್ಕೆ, ಚಮಚದಲ್ಲಿ ತೋಡಿದಂತೆ ತಿರುಗಿಸಿ ಬಿಡಿಸಿಕೊಳ್ಳಿ. ನೇರ ಮೇಲಕ್ಕೆ ಒಯ್ದು ನಿಲ್ಲಿಸಿದರೆ ಮೆಟ್ಟಿಲು ಉಳಿಯುತ್ತದೆ. ಉಳಿದರೆ ಎರಡು ಅಳತೆಯ ನಡುವಿನ ಅಳತೆ ಇಟ್ಟು, ಮೆಟ್ಟಿಲಿನ ಮೇಲಷ್ಟೇ ಮತ್ತೆ ಆಡಿಸಿ. ಐದು ನಿಮಿಷಕ್ಕೊಮ್ಮೆ ಬ್ಲೇಡನ್ನು ಮಣಿಕಟ್ಟಿಗೆ ತಾಗಿಸಿ ನೋಡಿ, ಬಿಸಿ ಎನಿಸಿದರೆ ಆರಲು ಬಿಡಿ.

ಕಿವಿಯನ್ನು ಇನ್ನೊಂದು ಕೈಯಿಂದ ಮುಂದಕ್ಕೆ ಮಡಚಿ ಹಿಡಿಯಬೇಕು. ಮಾಸ್ಕ್ ಹಾಕಿದ್ದರೆ ಅದರ ದಾರವನ್ನು ಆ ಕಿವಿಯಿಂದ ಮಾತ್ರ ಬಿಚ್ಚಿ, ಮಾಸ್ಕನ್ನು ಕೂತವರೇ ಒತ್ತಿ ಹಿಡಿದುಕೊಳ್ಳಲಿ. ಕುತ್ತಿಗೆಯ ಗೆರೆಯನ್ನು ಮೇಲಕ್ಕೆ ಏರಿಸಬೇಡಿ. ಕೂದಲು ತಾನಾಗಿ ಎಲ್ಲಿ ಮುಗಿಯುತ್ತದೋ ಅದರ ಕೆಳಗಿನ ಸಣ್ಣ ಕೂದಲನ್ನಷ್ಟೇ ತೆಗೆಯಿರಿ. ಏರಿಸಿದ ಗೆರೆ ಅಂದು ಚೊಕ್ಕಟ ಕಾಣುತ್ತದೆ, ವಾರದಲ್ಲಿ ಅದರ ಕೆಳಗೆ ಮುಳ್ಳು ಮುಳ್ಳಾಗಿ ಬೆಳೆದು ಮೊದಲಿಗಿಂತ ಗಲೀಜಾಗುತ್ತದೆ.

ನೆತ್ತಿ

ಹಣೆಯ ನಡುವಿನಿಂದ ಸುಳಿಯವರೆಗೆ ಎರಡು ಬೆರಳಗಲದ ಒಂದು ಪಟ್ಟಿ ಬಿಡಿಸಿಕೊಳ್ಳಿ. ಮುಂದಿನ ಒಂದು ಚಿಟಿಕೆಯಷ್ಟು ಕೂದಲನ್ನು ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಹಿಡಿದು ನೆಟ್ಟಗೆ ಮೇಲಕ್ಕೆ ಎತ್ತಿ, ಬೆರಳಿನ ಹೊರಗೆ ಉಳಿದದ್ದನ್ನು ಕತ್ತರಿಸಿ. ಎರಡು ತಿಂಗಳಾಗಿದ್ದರೆ ಮೊದಲ ಸುತ್ತಿಗೆ ಒಂದೂವರೆ ಸೆಂಟಿಮೀಟರ್ ಸಾಕು. ಮುಂದಿನ ಚಿಟಿಕೆ ಹಿಡಿಯುವಾಗ ಈಗಾಗಲೇ ಕತ್ತರಿಸಿದ್ದರಿಂದ ಸ್ವಲ್ಪ ಕೂದಲು ಜೊತೆಗೆ ಬರಲಿ, ಅದೇ ಅಳತೆಗೋಲು. ಹೀಗೆ ಒಂದು ಪಟ್ಟಿ ಮುಗಿಸಿ, ಎಡಬಲದ ಪಟ್ಟಿಗಳನ್ನು ಅದಕ್ಕೆ ಹೊಂದಿಸುತ್ತ ಬನ್ನಿ.

ಸುಳಿಯ ಹತ್ತಿರ ಬಂದಾಗ ಕೈ ತಡೆಯಬೇಕು. ಅಲ್ಲಿ ಕೂದಲು ತಿರುಗಿ ಬೆಳೆಯುವುದರಿಂದ ತೂಕ ಕಡಿಮೆಯಾದ ಕೂಡಲೇ ನಿಮಿರಿ ನಿಲ್ಲುತ್ತದೆ, ನೀರು ಹಚ್ಚಿದರೂ ಮಲಗುವುದಿಲ್ಲ. ಸುಳಿಯ ಸುತ್ತ ಒಂದು ಸೆಂಟಿಮೀಟರ್ ಹೆಚ್ಚಿಗೆ ಬಿಡಿ. ಎರಡು ಸುಳಿ ಇರುವವರ ತಲೆಯಲ್ಲಿ ಅವುಗಳ ನಡುವೆ ಕತ್ತರಿ ಆಡಿಸದಿರುವುದೇ ಲೇಸು. ಗುಂಗುರು ಕೂದಲು ಒದ್ದೆಯಲ್ಲಿ ಉದ್ದ ಕಂಡು, ಒಣಗಿದ ಮೇಲೆ ಸುರುಳಿ ಕೂತು ಗಿಡ್ಡವಾಗುತ್ತದೆ. ಅದನ್ನು ಒಣಗಿಸಿಯೇ ಕತ್ತರಿಸಿ.

ಕೊನೆಗೆ ಕತ್ತರಿಯನ್ನು ಅಡ್ಡ ಹಿಡಿಯದೆ, ತುದಿಯನ್ನು ಕೂದಲಿನೊಳಕ್ಕೆ ನೆಟ್ಟಗೆ ತೂರಿಸಿ ಅರ್ಧ ಸೆಂಟಿಮೀಟರ್‌ನಷ್ಟು ಚುಚ್ಚಿ ಚುಚ್ಚಿ ಕತ್ತರಿಸಿದರೆ ಗೆರೆ ಕೊಯ್ದಂತಿರುವ ಅಂಚು ಮೆತ್ತಗಾಗುತ್ತದೆ. ಹಣೆಗೆ ಇಳಿಯುವ ಕೂದಲಿಗೆ ಬರಿ ಇದೇ ಬಗೆ. ಅದನ್ನು ಒದ್ದೆಯಲ್ಲಿ ಎಳೆದು ಅಡ್ಡ ಕತ್ತರಿಸಿದರೆ ಒಣಗಿದಾಗ ಹುಬ್ಬಿನ ಮೇಲಕ್ಕೆ ಹಾರುತ್ತದೆ.

ಒಬ್ಬರೇ ಇರುವವರು ಪಕ್ಕಗಳನ್ನು ಮಾತ್ರ ತೆಗೆದುಕೊಂಡು ನೆತ್ತಿಯನ್ನು ಬಿಟ್ಟರೂ ನಡೆಯುತ್ತದೆ. ಮುಖ ತುಂಬಿದಂತೆ ಕಾಣಿಸುವುದು ಕಿವಿಯ ಸುತ್ತಲ ಕೂದಲೇ. ದೊಡ್ಡ ಕನ್ನಡಿಗೆ ಬೆನ್ನು ಮಾಡಿ, ಕೈಯಲ್ಲಿ ಚಿಕ್ಕ ಕನ್ನಡಿ ಹಿಡಿದು ಹಿಂಭಾಗ ನೋಡಿಕೊಳ್ಳಿ.

ಹೆಣ್ಣುಮಕ್ಕಳ ಕೂದಲು

ಹೆರಳು ಹಾಕಿ ತುದಿ ಕತ್ತರಿಸಬೇಡಿ. ಹೆಣಿಗೆಯಲ್ಲಿ ಒಂದೊಂದು ಎಳೆ ಒಂದೊಂದು ದೂರ ಸುತ್ತಿ ಬಂದಿರುತ್ತದೆ, ಬಿಚ್ಚಿದಾಗ ಹಲ್ಲುಹಲ್ಲಾಗಿ ಇಳಿಯುತ್ತದೆ. ಕೂದಲನ್ನೆಲ್ಲ ಹಣೆಯ ಮೇಲೆ ಜುಟ್ಟು ಕಟ್ಟಿ ಒಂದೇ ಏಟಿಗೆ ಕತ್ತರಿಸುವ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ಅದರಲ್ಲಿ ಮುಂದಿನದು ಗಿಡ್ಡ, ಹಿಂದಿನದು ಉದ್ದವಾಗಿ ಮೆಟ್ಟಿಲು ಬೀಳುತ್ತದೆ. ಹೆರಳು ಹಾಕಿಕೊಳ್ಳುವವರಿಗೆ ಆ ಗಿಡ್ಡ ಕೂದಲು ತಿಂಗಳುಗಟ್ಟಲೆ ಹೆರಳಿನಿಂದ ಚಿಮ್ಮುತ್ತಿರುತ್ತದೆ. ಬೈತಲೆ ತೆಗೆದು, ತೇವದ ಕೂದಲನ್ನು ಬೆನ್ನಿನ ಮೇಲೆ ಚಪ್ಪಟೆಯಾಗಿ ಬಾಚಿ, ತಲೆ ನೇರ ಇಟ್ಟು ಕೂರಿಸಿ. ಕತ್ತರಿಸುವ ಗೆರೆಗೆ ಸ್ವಲ್ಪ ಮೇಲೆ ಬೆನ್ನಿನ ಅಗಲಕ್ಕೂ ಹಣಿಗೆಯನ್ನು ಅಡ್ಡ ಹಿಡಿದು ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಸಾಗಿ. ಎರಡು ಸೆಂಟಿಮೀಟರ್ ತೆಗೆದರೆ ಸೀಳಿದ ತುದಿ ಸಾಮಾನ್ಯವಾಗಿ ಹೋಗುತ್ತದೆ.

ಬಿಳಿ ಕೂದಲಿಗೆ ಕಪ್ಪು ಬಣ್ಣ ಅಥವಾ ಕಪ್ಪು ಮೆಹಂದಿ ಹೊಸದಾಗಿ ಹಚ್ಚುವವರು ಕಿವಿಯ ಹಿಂದೆ ಒಂದು ಹನಿ ಹಚ್ಚಿ 48 ತಾಸು ಕಾಯಲೇಬೇಕು. ತುರಿಸಿದರೆ, ಕೆಂಪಾದರೆ ಹಚ್ಚಬಾರದು.

ಮಕ್ಕಳು, ಜಾವಳ, ಬೋಳು

ಮಕ್ಕಳು ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. ಇವತ್ತು ಪಕ್ಕ, ನಾಳೆ ನೆತ್ತಿ ಎಂದು ಹಂಚಿಕೊಳ್ಳಿ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲೋ ಕೂಡಲಸಂಗಮದಲ್ಲೋ ಜಾವಳ ತೆಗೆಸಬೇಕೆಂದು ಹರಕೆ ಹೊತ್ತ ಮನೆಗಳಲ್ಲಿ ಕೂಸಿನ ಕೂದಲು ಕಣ್ಣಿಗೆ ಬೀಳುತ್ತಿದ್ದರೆ ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಜುಟ್ಟು ಕಟ್ಟಿ. ರಬ್ಬರ್ ಬೇಡ, ಎಳೆಯ ಕೂದಲನ್ನು ಬುಡಸಮೇತ ಎಳೆಯುತ್ತದೆ. ಬೆವರುಸಾಲೆ ಎದ್ದು ಹುಣ್ಣಾಗುತ್ತಿದ್ದರೆ ಹಿರಿಯರ ಜೊತೆ ಮಾತಾಡಿ, ಒಂದು ಕುಡಿ ಹರಕೆಗೆ ಉಳಿಸಿ ಮಿಕ್ಕದ್ದನ್ನು ಗಿಡ್ಡ ಮಾಡಬಹುದು.

ಗಂಡಸರು ಸೆಕೆಗೆ ಬೋಳು ಮಾಡಿಕೊಳ್ಳುವುದಾದರೆ ಎಷ್ಟೋ ಮನೆಗಳಲ್ಲಿ ಬೋಳು ತಲೆ ಸೂತಕದ ಗುರುತು ಎಂಬುದು ನೆನಪಿರಲಿ, ಮನೆಯಲ್ಲಿ ಕೇಳಿಯೇ ಮಾಡಿ. ಮೊದಲು ಟ್ರಿಮ್ಮರಿನಿಂದ ಗಿಡ್ಡ ಮಾಡಿ, ಬಿಸಿನೀರಿನ ಬಟ್ಟೆ ಎರಡು ನಿಮಿಷ ಇಟ್ಟು, ನೊರೆ ಹಚ್ಚಿ ರೇಜರ್ ಆಡಿಸಿ. ಒಬ್ಬರ ರೇಜರ್ ಇನ್ನೊಬ್ಬರಿಗೆ ಬೇಡ, ರಕ್ತದಿಂದ ಹರಡುವ ಕಾಮಾಲೆ ಆ ದಾರಿಯಲ್ಲೂ ಬರಬಹುದು. ಹೊಸ ಬೋಳಿಗೆ ನಮ್ಮ ಬಿಸಿಲು ಒಂದೇ ತಾಸಿನಲ್ಲಿ ಸುಡುತ್ತದೆ. ರುಮಾಲು ಸುತ್ತದೆ ಹೊರಬೀಳಬೇಡಿ.

ತಪ್ಪಾದರೆ

ಕಿವಿಯ ಅಂಚು ಸಣ್ಣಗೆ ಕೊಯ್ದರೂ ರಕ್ತ ಬಹಳ ಬರುತ್ತದೆ. ಗಾಬರಿಯಾಗದೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ರೇಜರಿನ ಗೀರಿಗಾದರೆ ತುರಟಿ, ಅಂದರೆ ಪಟಿಕ, ಒದ್ದೆ ಮಾಡಿ ಉಜ್ಜಿದರೆ ನಿಲ್ಲುತ್ತದೆ. ಕತ್ತರಿ, ಬ್ಲೇಡನ್ನು ಒಬ್ಬರಾದ ಮೇಲೆ ಒಬ್ಬರಿಗೆ ಬಳಸುವಾಗ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆಯೇ ಟ್ರಿಮ್ಮರ್ ಚಾಲೂ ಮಾಡಿ, ಸ್ಪಿರಿಟ್ ಬೆಂಕಿ ಹತ್ತುವ ವಸ್ತು. ಬ್ಲೀಚಿಂಗ್ ನೀರಿನಲ್ಲಿ ಅದ್ದಿದರೆ ತುಕ್ಕು ಹಿಡಿಯುತ್ತದೆ. ಉದುರಿದ ಕೂದಲು ಬಚ್ಚಲಿಗೆ ಹೋಗಬಾರದು, ದನಕರು ಕಟ್ಟಿದ ಮನೆಯಲ್ಲಿ ಮೇವಿನ ಹತ್ತಿರವೂ ಬೀಳಬಾರದು. ಗುಡಿಸಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಕೊಡಿ.

ಒಂದು ಪಕ್ಕ ಗಿಡ್ಡವಾಯಿತೆಂದು ಇನ್ನೊಂದನ್ನು, ಅದು ಹೆಚ್ಚಾಯಿತೆಂದು ಮತ್ತೆ ಇದನ್ನು ಕತ್ತರಿಸುತ್ತ ಹೋಗುವುದು ಎಲ್ಲರೂ ಮಾಡುವ ತಪ್ಪು. 3 ಮಿಲಿಮೀಟರ್ ವ್ಯತ್ಯಾಸ ಒಂದು ವಾರ ಹತ್ತು ದಿನ ಬೆಳೆದರೆ ಕಣ್ಣಿಗೆ ಬೀಳುವುದಿಲ್ಲ. ಎರಡನೇ ಸಲಕ್ಕೆ ಕತ್ತರಿ ಕೆಳಗಿಡಿ. ಅಂಗಡಿ ತೆರೆದ ಮೇಲೆ ನಿಮ್ಮ ಟಾವೆಲ್ ಒಯ್ದು ಕೂರುವಾಗ, ಎಲ್ಲಿ ಗುಂಡಿ ಬಿದ್ದಿದೆ, ಸುಳಿಯ ಹತ್ತಿರ ಕತ್ತರಿ ಆಡಿದೆಯೇ ಎಂಬುದನ್ನು ಕ್ಷೌರಿಕರು ಕತ್ತರಿ ಎತ್ತುವ ಮೊದಲೇ ಹೇಳಿ. ಆ ಗಿಡ್ಡ ಜಾಗಕ್ಕೆ ಉಳಿದದ್ದನ್ನು ಹೊಂದಿಸಿ ಕೊಡುತ್ತಾರೆ.